ಮೆದುಳಿನ ಉರಿಯೂತ ಮತ್ತು ಮರೆವಿನ ಕಾಯಿಲೆ: ಮಾವನವರಿಗೆ ಈ ಪುಡಿ ಕೊಡಬಹುದೇ?

ಮುಳಬಾಗಿಲಿನ ಸೊಸೆ

ನಮ್ಮ ಮಾವನವರಿಗೆ ಎಪ್ಪತ್ತಾರು ವರ್ಷ. ಅಲ್ಝೈಮರ್ ಎಂದು ಬೆಂಗಳೂರಿನಲ್ಲಿ ಹೇಳಿದ್ದಾರೆ, ಡೊನೆಪೆಜಿಲ್ ಮಾತ್ರೆ ನಡೆಯುತ್ತಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆ. ಈಚೆಗೆ ಕೋಲಾರದ ಶಿಬಿರವೊಂದರಲ್ಲಿ ಸಿಆರ್‌ಪಿ ಎಂಬ ರಕ್ತಪರೀಕ್ಷೆ ಮಾಡಿ, ‘ಮಟ್ಟ ಹೆಚ್ಚಿದೆ, ಮೆದುಳಿನಲ್ಲಿ ಉರಿಯೂತವಾಗಿದೆ, ಮರೆವಿನ ಬೇರು ಅದೇ’ ಎಂದರು. ಅರಿಶಿನದ ಸಾರ, ಅಶ್ವಗಂಧ ಮತ್ತು ಹೆಸರು ಬರೆಯದ ಇನ್ನೇನೋ ಸೇರಿಸಿದ ಪುಡಿಯನ್ನು ಮೂರು ತಿಂಗಳು ಕೊಡಬೇಕಂತೆ. ಬೆಲೆ ಕೇಳಿದ ನಮ್ಮವರು ಸೀಮೆಹಸು ಮಾರಬೇಕಾದೀತು ಎಂದರು.

ಮೊಬೈಲ್‌ನಲ್ಲಿ ಹುಡುಕಿದರೆ ಉರಿಯೂತಕ್ಕೂ ಅಲ್ಝೈಮರ್‌ಗೂ ನಂಟಿದೆ ಎಂದೇ ಎಲ್ಲ ಕಡೆ ಬರುತ್ತದೆ. ಹಾಗಾದರೆ ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲವಲ್ಲ? ತಿಳಿದವರು ಬಿಡಿಸಿ ಹೇಳಿ.

ಮಾಲೂರು ಹಂಚು

ಹೆಸರು ಬರೆಯದ ಇನ್ನೇನೋ ಇರುವ ಪುಡಿಯನ್ನು ಎಪ್ಪತ್ತಾರರ ಮನುಷ್ಯರಿಗೆ ಕೊಡಬೇಡಿ. ಹಸುವನ್ನೂ ಮಾರಬೇಡಿ.

ಜೀವಕೋಶ

ಪುಡಿ ಮಾರುವವರ ಮಾತಿನಲ್ಲಿ ಅರ್ಧ ನಿಜವಿದೆ, ತೊಂದರೆ ಇರುವುದೇ ಅಲ್ಲಿ. ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವನು ನಾನು, ವೈದ್ಯನಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ.

ಸಿಆರ್‌ಪಿ ವಿಚಾರವನ್ನು ಮೊದಲು ಮುಗಿಸಿಬಿಡೋಣ. ಅದು ಯಕೃತ್ತಿನಲ್ಲಿ ತಯಾರಾಗುವ ಪ್ರೋಟೀನ್. ಒಸಡು ಊದಿದ್ದರೂ ಏರುತ್ತದೆ, ಮೂತ್ರದ ಸೋಂಕಿದ್ದರೂ ಏರುತ್ತದೆ, ಕೀಲು ಬಾತಿದ್ದರೂ, ಬೊಜ್ಜಿದ್ದರೂ ಏರುತ್ತದೆ. ದೇಹದಲ್ಲಿ ಎಲ್ಲೋ ಏನೋ ನಡೆದಿದೆ ಎಂಬುದಷ್ಟೇ ಅದರ ಸುದ್ದಿ. ಅದನ್ನು ಹಿಡಿದುಕೊಂಡು ಮೆದುಳಿನ ಸ್ಥಿತಿ ಹೇಳುವುದು ಕಣಿ ಹೇಳಿದಂತೆ.

ಇನ್ನು ಮೆದುಳಿನೊಳಗಿನ ಕಥೆ. ಅಲ್ಲಿ ಮೈಕ್ರೋಗ್ಲಿಯಾ ಎಂಬ ರಕ್ಷಣಾ ಕೋಶಗಳಿವೆ. 1919ರಲ್ಲಿ ಸ್ಪೇನಿನ ಪಿಯೊ ದೆಲ್ ರಿಯೊ ಒರ್ತೇಗಾ ಅವನ್ನು ಬೇರೆಯಾಗಿ ಗುರುತಿಸಿ ಹೆಸರಿಟ್ಟ. ಅವು ನರಕೋಶಗಳ ಬಳಗದವಲ್ಲ. ಭ್ರೂಣದ ಪೀತಕ ಚೀಲದಲ್ಲಿ ಹುಟ್ಟಿ, ಮೆದುಳು ಇನ್ನೂ ರೂಪುಗೊಳ್ಳುತ್ತಿರುವಾಗಲೇ ಒಳಹೊಕ್ಕು ನೆಲೆನಿಂತ ವಲಸಿಗರು. ನಮ್ಮ ಸೀಮೆಯ ಮಾತಿನಲ್ಲಿ ಹೇಳಬೇಕೆಂದರೆ ಕೆರೆಯ ನೀರಗಂಟಿಯ ಕೆಲಸ ಅವುಗಳದ್ದು. ಕಾಲುವೆಯುದ್ದಕ್ಕೂ ಅಡ್ಡಾಡಬೇಕು, ಹೂಳು ಎತ್ತಬೇಕು, ತೂಬನ್ನು ಬೇಕಾದಷ್ಟೇ ತೆರೆಯಬೇಕು. ನೀರಗಂಟಿ ಮಲಗಿಬಿಟ್ಟರೆ ಗದ್ದೆ ಒಣಗುತ್ತದೆ. ತೆರೆದ ತೂಬನ್ನು ಮುಚ್ಚುವುದು ಮರೆತರೆ ಪೈರು ಕೊಳೆಯುತ್ತದೆ. ಹಾನಿ ಎರಡರಲ್ಲೂ ಇದೆ, ಪರಿಹಾರ ಮಾತ್ರ ಒಂದೇ ಅಲ್ಲ.

ಅಲೋಯಿಸ್ ಅಲ್ಝೈಮರ್ 1906ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ತನ್ನ ರೋಗಿಯ ಮೆದುಳಿನ ಬಗ್ಗೆ ಮಾತನಾಡಿದಾಗ ಎಲ್ಲರ ಗಮನ ಹೋದದ್ದು ಗಂಟುಗಳು, ಕಲೆಗಳ ಕಡೆಗೆ. ಗಂಟುಗಳಲ್ಲಿರುವುದು ಟೌ, ಕಲೆಗಳಲ್ಲಿರುವುದು ಅಮಿಲಾಯ್ಡ್ ಎಂಬ ಪ್ರೋಟೀನ್ ಎಂದು ಇಂದು ಗೊತ್ತು. ಅವುಗಳ ಸುತ್ತ ಮುತ್ತಿಕೊಂಡಿರುವ ರಕ್ಷಣಾ ಕೋಶಗಳಿಗೆ ಮಹತ್ವ ಬಂದದ್ದು ತೀರ ತಡವಾಗಿ. 1988ರಲ್ಲಿ ಕೆನಡಾದ ವ್ಯಾಂಕೂವರ್‌ನ ಮ್ಯಾಕ್‌ಗೀರ್ ದಂಪತಿ, ಅಲ್ಝೈಮರ್ ಅಥವಾ ಪಾರ್ಕಿನ್ಸನ್ (ಕೈಕಾಲು ನಡುಗಿ ಬಿಗಿಯುವ ಕಾಯಿಲೆ) ಇದ್ದು ತೀರಿಕೊಂಡವರ ಮೆದುಳಿನಲ್ಲಿ ಕೆರಳಿದ ಮೈಕ್ರೋಗ್ಲಿಯಾ ತುಂಬಿರುವುದನ್ನು ತೋರಿಸಿದರು. ಆಗಲೂ ಬಹಳ ಮಂದಿ, ‘ಸತ್ತ ಕೋಶಗಳನ್ನು ಎತ್ತಿಹಾಕಲು ಬಂದಿವೆ, ಅಷ್ಟೇ’ ಎಂದು ಸುಮ್ಮನಾದರು.

ಆ ಮಾತನ್ನು ಕೆಡವಿದ್ದು ವಂಶವಾಹಿಗಳ ಅಧ್ಯಯನ. 2013ರಲ್ಲಿ ಎರಡು ಬೇರೆ ಬೇರೆ ತಂಡಗಳು ಟ್ರೆಮ್‌2 ಎಂಬ ವಂಶವಾಹಿಯ ಒಂದು ಅಪರೂಪದ ರೂಪ ಇರುವವರಿಗೆ ಅಲ್ಝೈಮರ್ ಬರುವ ಅಪಾಯ ಸುಮಾರು ಮೂರು ಪಟ್ಟು ಹೆಚ್ಚು ಎಂದು ಪ್ರಕಟಿಸಿದವು. ಮೆದುಳಿನಲ್ಲಿ ಆ ವಂಶವಾಹಿ ಕೆಲಸ ಮಾಡುವುದು ಮೈಕ್ರೋಗ್ಲಿಯಾದಲ್ಲಿ, ನರಕೋಶಗಳಲ್ಲಲ್ಲ. ಹುಟ್ಟಿನಿಂದಲೇ ಇರುವ ದೋಷ ಕಾಯಿಲೆಯ ಪರಿಣಾಮವಾಗಿರಲು ಸಾಧ್ಯವಿಲ್ಲ. ಪುಡಿ ಮಾರುವವರು ಹೇಳದ ಸಂಗತಿ ಮುಂದಿದೆ: ಆ ದೋಷದಿಂದ ಮೈಕ್ರೋಗ್ಲಿಯಾ ಅತಿಯಾಗಿ ಕೆರಳುವುದಿಲ್ಲ, ಅಮಿಲಾಯ್ಡ್ ಕಲೆಯನ್ನು ಸುತ್ತುವರಿದು ಕಟ್ಟಿಹಾಕುವ ಕೆಲಸದಲ್ಲಿ ಹಿಂದೆ ಬೀಳುತ್ತದೆ. ಅಂದರೆ ಅಲ್ಲಿ ಉರಿಯೂತದ ಶಕ್ತಿ ಕಡಿಮೆಯಾದದ್ದೇ ಕೇಡು.

ಕೆರೆಬಯಲು

ನಮ್ಮ ಜಿಲ್ಲೆಯಲ್ಲಿ ಇಷ್ಟು ಮರೆವು ಹೆಚ್ಚಲು ಕೊಳವೆಬಾವಿಯ ಫ್ಲೋರೈಡ್ ಕಾರಣವಲ್ಲವೇ? ಅದರ ಮೇಲೆ ಕೆರೆಗಳಿಗೆ ಬಿಡುವ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೆ.ಸಿ. ವ್ಯಾಲಿ ನೀರು ಬೇರೆ.

ಜೀವಕೋಶ

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಫ್ಲೋರೈಡ್ ನಿಜವಾದ ಸಮಸ್ಯೆ. ಅದು ಹಲ್ಲು, ಮೂಳೆಗಳನ್ನು ಹಾಳುಮಾಡುವುದನ್ನು ಕಣ್ಣಾರೆ ಕಂಡಿದ್ದೇವೆ. ಆದರೆ ಮರೆವು ನಮ್ಮಲ್ಲಿ ಮಾತ್ರ ಹೆಚ್ಚಿಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ ದೇಶದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ, ಡಿಮೆನ್ಷಿಯಾ (ಅಲ್ಝೈಮರ್ ಸೇರಿದಂತೆ ಮರೆವಿನ ಕಾಯಿಲೆಗಳು) ಇದೆ. ಪೇಟೆಗಿಂತ ಹಳ್ಳಿಗಳಲ್ಲೇ ಹೆಚ್ಚು. ಕೆರೆಗೆ ಬರುವ ನೀರಿನ ಶುದ್ಧತೆಯ ಜಗಳವನ್ನು ಬೇರೆ ಚರ್ಚೆಯಲ್ಲಿ ಆಡೋಣ, ನಾನೂ ಬರುತ್ತೇನೆ.

ನಿರ್ವಾಹಕರು

ಪುಡಿ, ಎಣ್ಣೆ, ಲೇಹ್ಯಗಳ ದೂರವಾಣಿ ಸಂಖ್ಯೆ ಹಾಕಿದ ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ಇನ್ನು ಹಾಕಬೇಡಿ.

ಶಿಡ್ಲಘಟ್ಟದ ಗೂಡು

ಜೀವಕೋಶ ಅವರೇ, ನಾನು ಒಪ್ಪುವುದಿಲ್ಲ. ಮೂಲ ಅಮಿಲಾಯ್ಡ್, ಉರಿಯೂತ ಅದರ ಹಿಂದೆ ಬರುವುದು. ಅಮಿಲಾಯ್ಡ್ ತೆಗೆಯುವ ಔಷಧಿ ಬಂದಾಯಿತಲ್ಲ? ಬೇರನ್ನು ಬಿಟ್ಟು ಎಲೆಯ ಚರ್ಚೆ ಏಕೆ?

ಜೀವಕೋಶ

ನೀವು ಹೇಳುತ್ತಿರುವುದು ಲೆಕಾನೆಮ್ಯಾಬ್ ಬಗ್ಗೆ ಇರಬೇಕು, ಅದು ಪ್ರತಿಕಾಯದ (ಗುರಿಯಿಟ್ಟ ವಸ್ತುವಿಗೆ ಅಂಟುವ ಪ್ರೋಟೀನಿನ) ಔಷಧಿ. ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಅನುಮತಿ ಸಿಕ್ಕಿತು. ಆರಂಭದ ಹಂತದವರಲ್ಲಿ 18 ತಿಂಗಳ ಅವಧಿಯಲ್ಲಿ ಕುಸಿತವನ್ನು ಶೇ 27ರಷ್ಟು ನಿಧಾನಗೊಳಿಸಿತು. ನಿಲ್ಲಿಸಲಿಲ್ಲ, ಹಿಂದಿರುಗಿಸಲೂ ಇಲ್ಲ. ಕೆಲವರಲ್ಲಿ ಮೆದುಳಿನ ಬಾವು, ಸಣ್ಣ ರಕ್ತಸ್ರಾವ ಕಂಡವು.

ಅದು ಕೆಲಸ ಮಾಡುವ ಬಗೆಯನ್ನೂ ನೋಡಿ. ಆ ಪ್ರತಿಕಾಯ ಅಮಿಲಾಯ್ಡ್‌ಗೆ ಅಂಟಿಕೊಂಡು ಗುರುತು ಹಾಕುತ್ತದೆ, ನುಂಗಿ ತೆಗೆಯುವುದು ಬಹುಮಟ್ಟಿಗೆ ಮೈಕ್ರೋಗ್ಲಿಯಾ. ನೀವು ಬೇರು ಎನ್ನುವುದನ್ನು ಕೀಳುವ ಔಷಧಿಯೇ ನೀವು ಎಲೆ ಎನ್ನುವ ಕೋಶಗಳ ಕೈಯಲ್ಲಿ ಕೆಲಸ ಮಾಡಿಸುತ್ತಿದೆ. ಮೊದಲು ಯಾವುದು ಎಂಬ ಪ್ರಶ್ನೆಗೆ ಅಮಿಲಾಯ್ಡ್ ಎಂದೇ ನಾನೂ ಹೇಳುತ್ತೇನೆ. ಆದರೆ ಅಮಿಲಾಯ್ಡ್ ತುಂಬಿದ್ದೂ ಸಾಯುವವರೆಗೆ ಬುದ್ಧಿ ಚುರುಕಾಗಿದ್ದ ಹಿರಿಯರು ಬೇಕಾದಷ್ಟು ಜನ ಇದ್ದಾರೆ. ಕಲೆಯಿಂದ ಮರೆವಿನವರೆಗಿನ ದಾರಿಯಲ್ಲಿ ಏನಾಗುತ್ತದೆ ಎಂಬುದನ್ನು ಬಿಟ್ಟು ಈ ಕಾಯಿಲೆ ಅರ್ಥವಾಗುವುದಿಲ್ಲ.

ಆ ದಾರಿಯ ಒಂದು ತುಣುಕು ಇಲಿಗಳಲ್ಲಿ ಸಿಕ್ಕಿದೆ. ಮಗುವಿನ ಮೆದುಳು ಬೆಳೆಯುವಾಗ ಬೇಡದ ನರಸಂಧಿಗಳಿಗೆ (ನರಕೋಶಗಳು ಒಂದಕ್ಕೊಂದು ಕೂಡುವ ಜಾಗಗಳಿಗೆ) ಕಾಂಪ್ಲಿಮೆಂಟ್ ಎಂಬ ಪ್ರೋಟೀನ್‌ಗಳು ಗುರುತು ಹಾಕುತ್ತವೆ, ಮೈಕ್ರೋಗ್ಲಿಯಾ ಅವನ್ನು ಕತ್ತರಿಸುತ್ತದೆ. ಅದು ಒಳ್ಳೆಯ ಕೆಲಸ. ಅಲ್ಝೈಮರ್ ಮಾದರಿಯ ಇಲಿಗಳಲ್ಲಿ ಕಲೆಗಳು ಕಾಣುವ ಮೊದಲೇ ಅದೇ ಕತ್ತರಿ ಮತ್ತೆ ಹೊರಬಂದು ಬೇಕಾದ ಸಂಧಿಗಳನ್ನೂ ಕತ್ತರಿಸುತ್ತದೆ ಎಂದು 2016ರಲ್ಲಿ ತೋರಿಸಿದರು. ಇಲಿ ಮನುಷ್ಯನಲ್ಲ, ಒಪ್ಪುತ್ತೇನೆ. ಆದರೂ ಆ ಪ್ರಬಂಧ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಶಿಡ್ಲಘಟ್ಟದ ಗೂಡು

ಸರಿ. ಹಾಗಾದರೆ ಆ ಕತ್ತರಿಯನ್ನು ಕಟ್ಟಿಹಾಕುವ ಮಾತ್ರೆ ಕೊಟ್ಟರೆ ಆಯಿತಲ್ಲ? ಬ್ರೂಫೆನ್ ಜಾತಿಯ ಮಾತ್ರೆ ಪ್ರತಿ ಅಂಗಡಿಯಲ್ಲೂ ಸಿಗುತ್ತದೆ.

ಜೀವಕೋಶ

ಇದನ್ನು ಪ್ರಪಂಚ ಪ್ರಯತ್ನಿಸಿ ನೋಡಿದೆ, ಕೈ ಸುಟ್ಟುಕೊಂಡಿದೆ. ರುಮಟಾಯ್ಡ್ ಸಂಧಿವಾತಕ್ಕೆ ವರ್ಷಾನುಗಟ್ಟಲೆ ನೋವಿನ ಮಾತ್ರೆ ನುಂಗಿದವರಲ್ಲಿ ಅಲ್ಝೈಮರ್ ಕಡಿಮೆ ಎಂದು 1990ರಲ್ಲಿ ಅದೇ ಮ್ಯಾಕ್‌ಗೀರ್ ಬಳಗ ಗಮನಿಸಿತ್ತು. ಎಲ್ಲರಿಗೂ ಆಸೆ ಹುಟ್ಟಿತು. ಅಮೆರಿಕದಲ್ಲಿ 70 ದಾಟಿದ, ಹತ್ತಿರದ ಸಂಬಂಧಿಕರಲ್ಲಿ ಈ ಕಾಯಿಲೆ ಇದ್ದ ಸುಮಾರು 2,500 ಜನರಿಗೆ ನ್ಯಾಪ್ರಾಕ್ಸೆನ್, ಸೆಲೆಕಾಕ್ಸಿಬ್ ಎಂಬ ನೋವಿನ ಮಾತ್ರೆ ಅಥವಾ ಔಷಧಿಯಿಲ್ಲದ ಹುಸಿಮಾತ್ರೆ ಕೊಟ್ಟು ನೋಡುವ ‘ಅಡಾಪ್ಟ್’ ಪ್ರಯೋಗ ನಡೆಯಿತು. ಹೃದಯಕ್ಕೆ ಅಪಾಯವಿರಬಹುದೆಂಬ ಆತಂಕದಿಂದ 2004ರ ಡಿಸೆಂಬರ್‌ನಲ್ಲಿ ಮಾತ್ರೆ ನಿಲ್ಲಿಸಿದರು. ಲೆಕ್ಕ ಹಾಕಿದಾಗ ಮರೆವಿನಿಂದ ರಕ್ಷಣೆಯೂ ಸಿಕ್ಕಿರಲಿಲ್ಲ. ಅದಕ್ಕೂ ಮೊದಲು ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್ ಕೂಡ ಸೋತಿತ್ತು.

ಎಎಲ್‌ಎಸ್ ಎಂಬ, ಸ್ನಾಯುಗಳ ಬಲ ಕುಂದಿಸುವ ನರರೋಗದ ಕಥೆ ಇನ್ನೂ ಕಹಿ. ಮಿನೊಸೈಕ್ಲಿನ್ ಎಂಬ ಪ್ರತಿಜೀವಕ ಮೈಕ್ರೋಗ್ಲಿಯಾವನ್ನು ಶಾಂತಗೊಳಿಸುತ್ತದೆ, ಇಲಿಗಳಿಗೆ ಆಯಸ್ಸು ಹೆಚ್ಚಿಸಿತ್ತು. 412 ರೋಗಿಗಳಿಗೆ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2007ರಲ್ಲಿ ಬಂದಾಗ, ಔಷಧಿ ಪಡೆದವರೇ ಶೇ 25ರಷ್ಟು ವೇಗವಾಗಿ ಶಕ್ತಿ ಕಳೆದುಕೊಂಡಿದ್ದರು.

ಎದುರು ದಿಕ್ಕಿನಲ್ಲೂ ಹೋಗಿ ನೋಡಿದರು. ಟ್ರೆಮ್‌2 ಅನ್ನು ಹುರಿದುಂಬಿಸುವ ಪ್ರತಿಕಾಯವೊಂದು 2024ರ ನವೆಂಬರ್‌ನಲ್ಲಿ ವಿಫಲವಾಯಿತು. ಸಕ್ಕರೆ ಮತ್ತು ತೂಕಕ್ಕೆ ಕೊಡುವ ಸೆಮಾಗ್ಲುಟೈಡ್ ಉರಿಯೂತವನ್ನು ತಗ್ಗಿಸುತ್ತದೆ, ಮರೆವನ್ನೂ ತಡೆದೀತು ಎಂದು ಎರಡು ದೊಡ್ಡ ಪ್ರಯೋಗ ಮಾಡಿದರು. 2025ರ ನವೆಂಬರ್‌ನಲ್ಲಿ ಅದೂ ಕುಸಿತವನ್ನು ನಿಧಾನಗೊಳಿಸಲಿಲ್ಲ ಎಂದು ಕಂಪನಿಯೇ ಪ್ರಕಟಿಸಿತು. ಸಾವಿರಾರು ಜನರ ಮೇಲೆ ಅಳೆದು ತೂಗಿ ಮಾಡಿದ್ದೇ ಹೀಗಾಗಿರುವಾಗ ಶಿಬಿರದ ಮೇಜಿನ ಮೇಲಿನ ಡಬ್ಬಿಯಲ್ಲಿ ಉತ್ತರವಿದೆ ಎಂದರೆ ನಾನು ನಗಬೇಕೋ ಸಿಟ್ಟಾಗಬೇಕೋ ತಿಳಿಯದು.

ಹಳೆ ಮನೆಯ ಅಜ್ಜಿ

ಅರಿಶಿನವನ್ನು ಬೈಯಬೇಡಿ. ನಮ್ಮ ತಲೆಮಾರು ಅದನ್ನೇ ತಿಂದು ಬೆಳೆದಿದೆ.

ಜೀವಕೋಶ

ಬೈಯುತ್ತಿಲ್ಲ ಅಮ್ಮ, ಸಾರಿಗೆ ಹಾಕಿ. ಅದರ ಕರ್ಕ್ಯುಮಿನ್ ಪಾತ್ರೆಯಲ್ಲಿ, ಗಾಜಿನ ನಳಿಕೆಯಲ್ಲಿ ಉರಿಯೂತ ತಗ್ಗಿಸುವುದು ನಿಜ. ಹೊಟ್ಟೆಗೆ ಹೋದರೆ ರಕ್ತ ಸೇರುವುದೇ ಅತ್ಯಲ್ಪ, ಮೆದುಳಿಗೆ ತಲುಪುವುದು ಇನ್ನೂ ಕಡಿಮೆ. ಅಲ್ಝೈಮರ್ ರೋಗಿಗಳಿಗೆ 24 ವಾರ ಕೊಟ್ಟು ನೋಡಿದ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ನನಗೆ ಅದಕ್ಕಿಂತ ಹೆದರಿಕೆ ಬಣ್ಣಕ್ಕಾಗಿ ಬೆರೆಸುವ ಸೀಸದ ಕ್ರೋಮೇಟ್‌ನದು. ಮೆದುಳಿಗೆ ಒಳ್ಳೆಯದೆಂದು ಕೊಟ್ಟ ಹಳದಿ ಪುಡಿಯಲ್ಲಿ ಸೀಸ ಇದ್ದರೆ ಆ ಮನೆಯ ಗತಿ ಏನು?

ಕೆಜಿಎಫ್ ಹಳಬ

ನನ್ನ ಅಣ್ಣನಿಗೆ ಪಾರ್ಕಿನ್ಸನ್. ಇಲ್ಲಿ ಬರೆದದ್ದೆಲ್ಲ ಅದಕ್ಕೂ ಅನ್ವಯಿಸುತ್ತದೆಯೇ? ಅವನು ಬಹಳ ವರ್ಷ ಟೊಮೆಟೊ ತೋಟಕ್ಕೆ ಔಷಧಿ ಹೊಡೆದವನು.

ಜೀವಕೋಶ

ಅನ್ವಯಿಸುತ್ತದೆ, ಅಲ್ಲಿಯ ಪುರಾವೆ ಒಂದು ದುರಂತದಿಂದ ಬಂತು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಳಪೆಯಾಗಿ ತಯಾರಿಸಿದ ಮಾದಕವಸ್ತು ಚುಚ್ಚಿಕೊಂಡ ಕೆಲವು ಯುವಕರು ಇದ್ದಕ್ಕಿದ್ದಂತೆ ಮರಗಟ್ಟಿ ಕುಳಿತರು, ಮುಪ್ಪಿನ ಪಾರ್ಕಿನ್ಸನ್ ರೋಗಿಗಳಂತೆ. ಅದರಲ್ಲಿ ಎಂಪಿಟಿಪಿ ಎಂಬ ವಿಷ ಸೇರಿತ್ತು. ಅದೇ ವಿಷಕ್ಕೆ ಸಿಕ್ಕಿ ಮುಂದೆ ತೀರಿಕೊಂಡ ಮೂವರ ಮೆದುಳನ್ನು ಪರೀಕ್ಷಿಸಿದ ವರದಿ 1999ರಲ್ಲಿ ಬಂತು. ವಿಷ ಒಳಹೋಗಿ 3ರಿಂದ 16 ವರ್ಷ ಕಳೆದಿದ್ದರೂ ಮೈಕ್ರೋಗ್ಲಿಯಾ ಇನ್ನೂ ಕೆರಳಿಯೇ ಇತ್ತು, ನರಕೋಶಗಳು ಇನ್ನೂ ಸಾಯುತ್ತಿದ್ದವು. ಕಿಡಿ ಹಚ್ಚಿದ ವಿಷ ಎಂದೋ ಹೋಗಿತ್ತು.

ಆ ವಿಷ ದೇಹದಲ್ಲಿ ಮಾರ್ಪಟ್ಟು ಆಗುವ ರೂಪವನ್ನೇ ರಚನೆಯಲ್ಲಿ ಹೋಲುವ ಕಳೆನಾಶಕ ಪ್ಯಾರಾಕ್ವಾಟ್. ಅದನ್ನು ಬಳಸಿದವರಲ್ಲಿ ಪಾರ್ಕಿನ್ಸನ್ ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳಿವೆ. ಯುರೋಪಿಯನ್ ಒಕ್ಕೂಟದಲ್ಲಿ 2007ರಿಂದ ಅದಕ್ಕೆ ಅನುಮತಿಯಿಲ್ಲ. ಅಣ್ಣನ ಕಾಯಿಲೆಗೆ ಇದೇ ಕಾರಣ ಎಂದು ಒಬ್ಬ ಮನುಷ್ಯನ ವಿಷಯದಲ್ಲಿ ಹೇಳಲಾಗದು. ಆದರೆ ಈಗ ಹೊಡೆಯುತ್ತಿರುವ ಹುಡುಗರಿಗೆ ಕೈಗವಸು, ಮುಖಗವಸು ಕೊಡಿಸಲು ಅಷ್ಟು ಸಾಕು.

ತಮಕದ ಸಿಸ್ಟರ್

ಕೆಜಿಎಫ್‌ನವರೇ, ಯಾರಾದರೂ ನಸುಗುನ್ನಿ ಬೀಜದ ಪುಡಿ ಕೊಡಿ ಎಂದರೆ ಮೊದಲು ವೈದ್ಯರನ್ನು ಕೇಳಿ. ಅದರಲ್ಲಿ ನಿಜವಾಗಿಯೂ ಲೆವೊಡೋಪಾ ಇದೆ, ಅಣ್ಣನ ಮಾತ್ರೆಯಲ್ಲಿರುವುದೂ ಅದೇ. ಎರಡೂ ಸೇರಿದರೆ ಪ್ರಮಾಣ ಹೆಚ್ಚಾಗಿ ತಲೆಸುತ್ತು, ಭ್ರಮೆ ಬರಬಹುದು.

ಮುಳಬಾಗಿಲಿನವರೇ, ಇಷ್ಟೆಲ್ಲ ಚರ್ಚೆಯಾಯಿತು, ಮಾವನವರು ಈಗ ಹೇಗಿದ್ದಾರೆ ಎಂದು ಯಾರೂ ಕೇಳಲಿಲ್ಲ. ಶಿಬಿರಕ್ಕೆ ಕರೆದುಕೊಂಡು ಹೋಗುವ ಯೋಚನೆ ಬಂದದ್ದಾದರೂ ಏಕೆ? ಏನಾದರೂ ಹೊಸದಾಗಿ ಕೆಟ್ಟಿತೇ?

ಮುಳಬಾಗಿಲಿನ ಸೊಸೆ

ಹೌದು ಸಿಸ್ಟರ್. ಅಲ್ಲಿಯವರೆಗೆ ಮೆಲ್ಲಗೆ ಮರೆಯುತ್ತಿದ್ದರು, ತಾವೇ ಊಟ ಮಾಡುತ್ತಿದ್ದರು. ಒಂದು ನೆಗಡಿ ಬಂತು, ಎರಡೇ ದಿನದಲ್ಲಿ ಪೂರ್ತಿ ಬದಲಾದರು. ಹಗಲೆಲ್ಲ ತೂಕಡಿಸುತ್ತಾರೆ, ರಾತ್ರಿ ಗೋಡೆಯಲ್ಲಿ ಯಾರೋ ಇದ್ದಾರೆ ಎಂದು ಕೂಗುತ್ತಾರೆ. ಕಾಯಿಲೆ ಮುಂದಿನ ಹಂತಕ್ಕೆ ಹೋಯಿತು ಎಂದುಕೊಂಡೆವು.

ತಮಕದ ಸಿಸ್ಟರ್

ಇದನ್ನು ಮೊದಲೇ ಬರೆಯಬೇಕಿತ್ತು. ಅಲ್ಝೈಮರ್ ಎರಡು ದಿನದಲ್ಲಿ ಹಂತ ದಾಟುವುದಿಲ್ಲ. ಎರಡು ದಿನದಲ್ಲಿ ಹೀಗಾದರೆ ಅದಕ್ಕೆ ಡೆಲಿರಿಯಂ ಎನ್ನುತ್ತಾರೆ, ಅದನ್ನು ತುರ್ತು ಎಂದೇ ನೋಡಬೇಕು. ನಾಳೆ ಎನ್ನದೆ ಇಂದೇ ವೈದ್ಯರ ಬಳಿ ಹೋಗಿ. ಮೂತ್ರ ಪರೀಕ್ಷೆ, ಎದೆಯ ಪರೀಕ್ಷೆ, ರಕ್ತದ ಸಕ್ಕರೆ, ಸೋಡಿಯಂ ನೋಡಿಸಿ. ಮಲಬದ್ಧತೆ ಇದೆಯೇ, ಮೂತ್ರ ಕಟ್ಟಿದೆಯೇ, ನೀರು ಕುಡಿಯುತ್ತಿದ್ದಾರೆಯೇ ಎಂದು ಗಮನಿಸಿ. ಈ ವಯಸ್ಸಿನಲ್ಲಿ ಸೋಂಕಿದ್ದರೂ ಜ್ವರ ಬರದಿರಬಹುದು, ‘ಮೈ ಬಿಸಿ ಇಲ್ಲ’ ಎಂದು ಬಿಡಬೇಡಿ.

ನೆಗಡಿಗೆ ಯಾವ ಮಾತ್ರೆ ಕೊಟ್ಟಿರಿ? ಅಂಗಡಿಯ ನೆಗಡಿ ಮಾತ್ರೆಗಳಲ್ಲಿ ಕ್ಲೋರ್‌ಫೆನಿರಮೈನ್ ಇರುತ್ತದೆ. ಡೊನೆಪೆಜಿಲ್ ಮೆದುಳಿನಲ್ಲಿ ಯಾವ ರಾಸಾಯನಿಕವನ್ನು ಉಳಿಸಲು ಹೆಣಗುತ್ತಿದೆಯೋ ಅದರ ಕೆಲಸವನ್ನೇ ಇದು ತಡೆಯುತ್ತದೆ.

ವಾರ್ಡಿನಲ್ಲಿ ಇಂಥವರನ್ನು ಸಾಲುಸಾಲಾಗಿ ನೋಡಿದ್ದೇನೆ. ಮನೆಯವರು ‘ವಯಸ್ಸಾಯಿತು’ ಎಂದು ಕೈಚೆಲ್ಲಿರುತ್ತಾರೆ.

ಜೀವಕೋಶ

ಸಿಸ್ಟರ್ ಹೇಳಿದ್ದೇ ಈ ಇಡೀ ಚರ್ಚೆಯಲ್ಲಿ ಮನೆಯವರಿಗೆ ದಕ್ಕುವ ವಿಜ್ಞಾನ. ಈಗಾಗಲೇ ಕಾಯಿಲೆ ಇರುವ ಮೆದುಳಿನ ಮೈಕ್ರೋಗ್ಲಿಯಾ ಒಂದು ಕಾಲು ಮುಂದಿಟ್ಟೇ ನಿಂತಿರುತ್ತದೆ. ಮೂತ್ರಕೋಶದಲ್ಲೋ ಶ್ವಾಸಕೋಶದಲ್ಲೋ ಸೋಂಕಾದರೆ ಅಲ್ಲಿಂದ ಹೊರಟ ಟಿಎನ್‌ಎಫ್, ಇಂಟರ್‌ಲ್ಯೂಕಿನ್‌ಗಳೆಂಬ ಉರಿಯೂತದ ಸಂದೇಶವಾಹಕ ಪ್ರೋಟೀನ್‌ಗಳ ಸುದ್ದಿ ರಕ್ತ ಮತ್ತು ನರಗಳ ಮೂಲಕ ಮೆದುಳಿಗೆ ಮುಟ್ಟುತ್ತದೆ. ಆರೋಗ್ಯವಂತರಿಗೆ ಅದು ಮೈಕೈ ನೋವು, ಮಂಕು. ಇವರಿಗೆ ಭ್ರಮೆ, ಕೂಗಾಟ. ಇಂಗ್ಲೆಂಡಿನ ಸೌತಾಂಪ್ಟನ್‌ನವರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 300 ಅಲ್ಝೈಮರ್ ರೋಗಿಗಳನ್ನು ಆರು ತಿಂಗಳು ಗಮನಿಸಿದ್ದರು. ಸೋಂಕು, ಗಾಯಗಳಂಥ ಉರಿಯೂತಕ್ಕೆ ಒಳಗಾದವರ ಕುಸಿತ ಎರಡು ಪಟ್ಟು ಹೆಚ್ಚಿತ್ತು. ಆರಂಭದಲ್ಲೇ ಟಿಎನ್‌ಎಫ್ ಹೆಚ್ಚಿದ್ದವರಲ್ಲಿ ನಾಲ್ಕು ಪಟ್ಟು.

ಮೆದುಳಿನೊಳಗಿನ ಉರಿಯೂತಕ್ಕೆ ಇಂದು ನಮ್ಮ ಕೈಯಲ್ಲಿ ಔಷಧಿಯಿಲ್ಲ. ಹೊರಗಿನಿಂದ ಅದಕ್ಕೆ ತುಪ್ಪ ಸುರಿಯುವುದನ್ನು ತಡೆಯಲು ಔಷಧಿ ಇದೆ, ತಾಲ್ಲೂಕು ಆಸ್ಪತ್ರೆಯಲ್ಲೇ ಇದೆ.

ಶ್ರೀನಿವಾಸಪುರದ ಮಾವು

ನಮ್ಮ ತಾಲ್ಲೂಕು ಮಾವಿಗಷ್ಟೇ ಹೆಸರುವಾಸಿ ಎಂದುಕೊಂಡವರಿಗೆ ಒಂದು ಸುದ್ದಿ. ಬೆಂಗಳೂರಿನ ಐಐಎಸ್‌ಸಿಯಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು 2018ರಿಂದ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಅಧ್ಯಯನ ನಡೆಸುತ್ತಿದ್ದಾರೆ. 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿ. ನೆನಪಿನ ಪರೀಕ್ಷೆ, ರಕ್ತ, ಎಂಆರ್‌ಐ ಎಲ್ಲ ಇದೆ. ನಮ್ಮ ತಾಯಿಯೂ ಅದರಲ್ಲಿದ್ದಾರೆ. ಗಡಿಭಾಗದ ನಮ್ಮ ಮನೆಮಾತು ತೆಲುಗು, ಶಾಲೆಯ ಮುಖ ಕಾಣದ ಹೆಂಗಸು ಪರೀಕ್ಷೆಗೆ ಏನು ಹೇಳುತ್ತಾರೋ ಎಂದು ಅಂಜಿದ್ದೆ. ಅವರು ಬಂದು ‘ನನಗಿಂತ ಆ ಹುಡುಗಿಗೇ ಜಾಸ್ತಿ ಮರೆವು, ಕೇಳಿದ್ದನ್ನೇ ಕೇಳುತ್ತಾಳೆ’ ಎಂದರು.

ಕಾಯಿಲೆ ಬಂದ ಮೇಲೆ ಆಸ್ಪತ್ರೆಗೆ ಹೋದವರನ್ನು ನೋಡುವುದು ಬೇರೆ, ಬರುವ ಮೊದಲಿನಿಂದ ಊರನ್ನೇ ನೋಡುತ್ತಿರುವುದು ಬೇರೆ. ಯಾವುದು ಮೊದಲು ಎಂದು ಇಲ್ಲಿ ನಡೆದ ಜಗಳಕ್ಕೆ ಉತ್ತರ ಸಿಗುವುದಾದರೆ ಇಂಥ ಕಡೆಯೇ ಸಿಗಬೇಕು.

ಮುಳಬಾಗಿಲಿನ ಸೊಸೆ

ಹೋಗಿ ಬಂದೆವು. ಮೂತ್ರದಲ್ಲಿ ಸೋಂಕಿಲ್ಲ. ಎದೆಯಲ್ಲಿ ಸ್ವಲ್ಪ ಕಫ ಕಟ್ಟಿದೆ ಎಂದು ಪ್ರತಿಜೀವಕ ಬರೆದರು. ಮಲಬದ್ಧತೆ ವಿಪರೀತ ಇತ್ತು, ನಮಗೆ ಗೊತ್ತೇ ಇರಲಿಲ್ಲ. ನೆಗಡಿ ಮಾತ್ರೆಯ ಪಟ್ಟಿ ತೋರಿಸಿದಾಗ ವೈದ್ಯರು ತಲೆ ಅಲ್ಲಾಡಿಸಿ ಕಸದ ಬುಟ್ಟಿಗೆ ಹಾಕಿದರು. ಈಗ ರಾತ್ರಿಯ ಕೂಗು ಕಡಿಮೆಯಾಗಿದೆ. ಮೊದಲಿನ ಸ್ಥಿತಿಗೆ ಬರಲು ವಾರಗಳೇ ಬೇಕಾಗಬಹುದು, ಪೂರ್ತಿ ಬರದಿರಲೂಬಹುದು ಎಂದಿದ್ದಾರೆ. ಪುಡಿ ಕೊಳ್ಳಲಿಲ್ಲ.

ಸರ್ಪಸುತ್ತಿನ ಲಸಿಕೆ ಹಾಕಿಸಿದರೆ ಮರೆವು ತಡೆಯುತ್ತದೆ ಎಂದು ನಾದಿನಿ ಹೇಳುತ್ತಿದ್ದಾಳೆ. ಇದೂ ಪುಡಿಯ ಥರದ್ದೇ?

ಜೀವಕೋಶ

ಅಲ್ಲ, ಇದರ ಹಿಂದೆ ಗಟ್ಟಿ ಕೆಲಸವಿದೆ. ವೇಲ್ಸ್‌ನಲ್ಲಿ 2013ರಲ್ಲಿ ಲಸಿಕೆ ಕಾರ್ಯಕ್ರಮ ಶುರುವಾದಾಗ 1933ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರಿಗೆ ಅವಕಾಶವಿತ್ತು, ಅದಕ್ಕೂ ಮೊದಲು ಹುಟ್ಟಿದವರಿಗೆ ಇರಲಿಲ್ಲ. ಕೆಲವೇ ದಿನಗಳ ಅಂತರದಲ್ಲಿ ಹುಟ್ಟಿದವರ ನಡುವೆ ಬೇರೆ ವ್ಯತ್ಯಾಸವೇನು ಇರಲು ಸಾಧ್ಯ? ಏಳು ವರ್ಷಗಳಲ್ಲಿ ಲಸಿಕೆ ಪಡೆದವರಿಗೆ ಹೊಸದಾಗಿ ಡಿಮೆನ್ಷಿಯಾ ಬಂದದ್ದು ಐದರಲ್ಲಿ ಒಂದು ಪಾಲು ಕಡಿಮೆ ಎಂದು 2025ರಲ್ಲಿ ಪ್ರಕಟವಾಯಿತು. ನರದಲ್ಲಿ ಅಡಗಿ ಕುಳಿತ ವೈರಸ್ ಮತ್ತೆ ಮತ್ತೆ ಏಳದಿರುವುದರಿಂದ ಉರಿಯೂತ ತಗ್ಗುತ್ತದೆ ಎಂಬುದು ಒಂದು ವಿವರಣೆ. ಇದು ನಿಮ್ಮ ಮಾವನವರ ಮರೆವಿಗೆ ಚಿಕಿತ್ಸೆಯಲ್ಲ. ಸರ್ಪಸುತ್ತಿನ ನೋವು ಬೇಡವೆಂದು ಹಾಕಿಸುವುದಾದರೆ ವೈದ್ಯರನ್ನು ಕೇಳಿ. ನಿಮ್ಮ ಅತ್ತೆಗೂ ಅನ್ವಯಿಸುತ್ತದೆ.

ಮಾಲೂರು ಹಂಚು

ಪುಡಿಯ ದುಡ್ಡು ಉಳಿಯಿತಲ್ಲ, ಅತ್ತೆಯ ಕಿವಿ ಪರೀಕ್ಷೆ ಮಾಡಿಸಿ. ಮರೆವಿನ ಸುಮಾರು ಶೇ 45ರಷ್ಟು ಪ್ರಕರಣಗಳು ತಡೆಯಬಹುದಾದ 14 ಕಾರಣಗಳಿಗೆ ಸಂಬಂಧಿಸಿವೆ ಎಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಹೇಳಿದೆ. ಕಿವುಡು ಅದರಲ್ಲಿ ದೊಡ್ಡದು. ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್, ಬೀಡಿ, ಹೊಗೆ, ಮಾತನಾಡಿಸುವವರಿಲ್ಲದ ಒಂಟಿತನ ಎಲ್ಲವೂ ಆ ಪಟ್ಟಿಯಲ್ಲಿವೆ. ಅರಿಶಿನದ ಕೊರತೆ ಇಲ್ಲ.

ಮುಳಬಾಗಿಲಿನ ಸೊಸೆ

ಅತ್ತೆಗೆ ಒಂದು ಕಿವಿ ಮಂದವೇ. ಇಬ್ಬರನ್ನೂ ಒಟ್ಟಿಗೆ ಎಲ್ಲಿ ತೋರಿಸುವುದು? ಪ್ರತಿ ಸಲ ಬೆಂಗಳೂರಿಗೆ ಹೋಗಲು ಆಗುವುದಿಲ್ಲ.

ತಮಕದ ಸಿಸ್ಟರ್

ನಿಮ್ಹಾನ್ಸ್ ಮತ್ತು ರಾಜ್ಯ ಆರೋಗ್ಯ ಇಲಾಖೆ ಸೇರಿ ಮಾಡಿದ ಬ್ರೈನ್ ಹೆಲ್ತ್ ಕಾರ್ಯಕ್ರಮಕ್ಕೆ ಮೊದಲು ಆಯ್ದುಕೊಂಡ ಜಾಗಗಳಲ್ಲಿ ಕೋಲಾರವೂ ಚಿಕ್ಕಬಳ್ಳಾಪುರವೂ ಇದ್ದವು. ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ, ಕಿವಿ ಪರೀಕ್ಷೆಯನ್ನೂ ಅಲ್ಲೇ ಕೇಳಿ. ಬಿ12, ಥೈರಾಯ್ಡ್ ಪರೀಕ್ಷೆ ಆಗಿಲ್ಲದಿದ್ದರೆ ಇಬ್ಬರಿಗೂ ಮಾಡಿಸಿ. ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ, ಅಂಗಡಿಯಲ್ಲಿ ಕೇಳಿ ತಂದವೂ ಸೇರಿ. ರಾತ್ರಿ ಎಷ್ಟು ಹೊತ್ತಿಗೆ ಕೂಗುತ್ತಾರೆ, ಮಲವಿಸರ್ಜನೆ ಯಾವಾಗ ಆಯಿತು ಎಂದು ಒಂದು ಹಾಳೆಯಲ್ಲಿ ಬರೆದಿಡಿ, ವೈದ್ಯರು ಕೇಳುವ ಮೊದಲ ಪ್ರಶ್ನೆಗಳು ಅವೇ.